ಲೋಹದ ದನಿಯೊಳಗೆ ಯಾರಿದ್ದಾರೆ? ಸೈಬರ್‌ಮನ್ ಧ್ವನಿನಾಟಕಗಳ ಬಗ್ಗೆ ಅಭಿಮಾನಿಗಳ ಜಗಳ ಮುಗಿಯದಿರುವುದಕ್ಕೆ ಕಾರಣ

2002ರ ಜುಲೈನಲ್ಲಿ ಬ್ರಿಟನ್ನಿನ ಬಿಗ್ ಫಿನಿಶ್ ಸಂಸ್ಥೆ ‘ಸ್ಪೇರ್ ಪಾರ್ಟ್ಸ್’ ಎಂಬ ಧ್ವನಿನಾಟಕವನ್ನು ಎರಡು ಸಿ.ಡಿ.ಗಳಲ್ಲಿ ಹೊರತಂದಿತು. ನಾಲ್ಕು ಕಂತು, ಹತ್ತಿರಹತ್ತಿರ ಎರಡು ಗಂಟೆ. ಬರೆದವರು ಮಾರ್ಕ್ ಪ್ಲಾಟ್, ನಿರ್ದೇಶನ ಗ್ಯಾರಿ ರಸೆಲ್ ಅವರದು. ಕಾಲದಲ್ಲಿ ಹಿಂದೆಮುಂದೆ ಪಯಣಿಸುವ ‘ಡಾಕ್ಟರ್’ ಎಂಬ ನಾಯಕನ ‘ಡಾಕ್ಟರ್ ಹೂ’ ಟಿ.ವಿ. ಸರಣಿಯ ಹಳೆಯ ಖಳರು, ಅಂದರೆ ಅಂಗಾಂಗಗಳನ್ನು ಯಂತ್ರಕ್ಕೆ ಬದಲಿಸಿಕೊಂಡು ಭಾವನೆ ಕಳೆದುಕೊಂಡ ಮನುಷ್ಯರಾದ ಸೈಬರ್‌ಮನ್‌ಗಳು ಮೊದಲಿಗೆ ಹುಟ್ಟಿದ್ದು ಹೇಗೆ ಎಂಬುದೇ ಕಥೆ. ಇಪ್ಪತ್ತು ವರ್ಷ ದಾಟಿದ ಮೇಲೂ ಅಭಿಮಾನಿಗಳು ಒಳ್ಳೆಯ ನಾಟಕಗಳ ಪಟ್ಟಿ ಮಾಡಲು ಕೂತರೆ ಈ ಹೆಸರು ಬಾರದೆ ಇರುವುದಿಲ್ಲ. ಅದೇ ಜನ ಅದೇ ಖಳರಿರುವ ಬೇರೆ ಹಲವು ನಾಟಕಗಳನ್ನು ‘ಪರವಾಗಿಲ್ಲ’ ಎಂದು ಬದಿಗಿಡುತ್ತಾರೆ. ಖಳರು ಅವರೇ. ಲೋಹದ ದನಿ ಕೊಟ್ಟವರೂ ಬಹುಪಾಲು ಅವರೇ, ನಿಕೋಲಸ್ ಬ್ರಿಗ್ಸ್. ಆದರೂ ಒಂದು ನಾಟಕ ವರ್ಷಗಟ್ಟಲೆ ಎದೆಯಲ್ಲಿ ಕೂರುತ್ತದೆ, ಇನ್ನೊಂದು ಮುಂದಿನ ವಾರಕ್ಕೆ ಮರೆತುಹೋಗುತ್ತದೆ.

ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರಿಗೆ ದನಿ ಸರಿಯಿಲ್ಲ, 1966ರ ದನಿಯೇ ನಿಜವಾದದ್ದು. ಇನ್ನೊಬ್ಬರಿಗೆ ಸೈಬರ್‌ಮನ್ ಎಂದರೆ ದಂಡೆತ್ತಿ ಬರುವ ಸೈನ್ಯ, ಕಣ್ಣೀರು ಬರಿಸುವುದು ಅವರ ಕೆಲಸವಲ್ಲ. ಮತ್ತೊಬ್ಬರಿಗೆ ಟಿ.ವಿ.ಯ ಇತಿಹಾಸಕ್ಕೂ ನಾಟಕದ ಇತಿಹಾಸಕ್ಕೂ ತಾಳೆಯಾಗುತ್ತಿಲ್ಲ. ಮೂರೂ ಬೇರೆಬೇರೆ ಜಗಳಗಳಂತೆ ಕಾಣುತ್ತವೆ. ಬಿಡಿಸುತ್ತ ಹೋದರೆ, ಮೊದಲೆರಡಂತೂ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ಲೋಹದ ದನಿ ಕೇಳಿಸುವ ಮೊದಲು ಆ ಮನುಷ್ಯನ ಸ್ವಂತ ದನಿ ನಮ್ಮ ಕಿವಿಗೆ ಬಿದ್ದಿತ್ತೆ, ಇಲ್ಲವೆ?

ಹುಟ್ಟಿನಲ್ಲೇ ಇದ್ದ ಭಯ

ಸೈಬರ್‌ಮನ್‌ಗಳು ಮೊದಲು ಕಾಣಿಸಿಕೊಂಡದ್ದು 1966ರ ಅಕ್ಟೋಬರ್‌ನಲ್ಲಿ, ‘ದಿ ಟೆಂತ್ ಪ್ಲಾನೆಟ್’ ಎಂಬ ನಾಲ್ಕು ಕಂತಿನ ಕಥೆಯಲ್ಲಿ. ಡಾಕ್ಟರನ ಪಾತ್ರವನ್ನು ಕಾಲಕಾಲಕ್ಕೆ ಬೇರೆಬೇರೆ ನಟರು ಮಾಡುತ್ತ ಬಂದಿದ್ದಾರೆ; ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಕೊನೆಯ ಕಥೆಯೂ ಅದೇ. ಕಲ್ಪನೆ ಕಿಟ್ ಪೆಡ್ಲರ್ ಮತ್ತು ಗೆರ್ರಿ ಡೇವಿಸ್ ಇಬ್ಬರದು. ಪೆಡ್ಲರ್ ವೃತ್ತಿಯಿಂದ ವೈದ್ಯವಿಜ್ಞಾನಿ, ಲಂಡನ್ನಿನಲ್ಲಿ ಕಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. ‘ಸೈಬೋರ್ಗ್’ (ದೇಹಕ್ಕೆ ಯಂತ್ರ ಬೆರೆತ ಜೀವಿ) ಎಂಬ ಪದವೇ ಆಗಿನ್ನೂ ಹೊಸದು; 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಅದನ್ನು ಕಟ್ಟಿದ್ದರು. ಮೈಯೊಳಗೆ ಪೇಸ್‌ಮೇಕರ್ ಇಡುವ ಮೊದಲ ಶಸ್ತ್ರಚಿಕಿತ್ಸೆ 1958ರಲ್ಲಿ ಸ್ವೀಡನ್ನಿನಲ್ಲಿ ನಡೆದಿತ್ತು. ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನಿನಲ್ಲಿ ಆಯಿತು. ಅಂದರೆ ಈ ಖಳರು ಹುಟ್ಟಿದ್ದು ಆ ಎರಡರ ನಡುವೆ. ಒಂದೊಂದೇ ಅಂಗ ಬದಲಿಸುತ್ತ ಹೋದರೆ ಮನುಷ್ಯ ಯಾವ ಹಂತದಲ್ಲಿ ಮನುಷ್ಯನಾಗಿ ಉಳಿಯುವುದಿಲ್ಲ ಎಂಬುದು ಅಂದಿನ ವೈದ್ಯರ ಮುಂದೆ ನಿಜವಾಗಿಯೂ ಇದ್ದ ಪ್ರಶ್ನೆ. ಪ್ಲಾಟ್ ತಮ್ಮ ನಾಟಕಕ್ಕೆ ‘ಬಿಡಿಭಾಗಗಳು’ ಎಂಬ ಅರ್ಥದ ಹೆಸರಿಟ್ಟದ್ದು ಈ ಬೇರನ್ನೇ ಹಿಡಿದು.

ಮೊದಲ ಸೈಬರ್‌ಮನ್‌ಗಳ ಮುಖಕ್ಕೆ ಇದ್ದದ್ದು ಬಟ್ಟೆಯ ಮುಸುಕು. ಕೈಗಳು ಬರಿಗೈಗಳು, ಮನುಷ್ಯರ ಕೈಗಳೇ. ಅವರಿಗೆ ಕ್ರೇಲ್, ಕ್ರಾಂಗ್ ಎಂಬಂಥ ಹೆಸರುಗಳೂ ಇದ್ದವು. ಮುಂದಿನ ವರ್ಷಗಳಲ್ಲಿ ಉಡುಪು ಬೆಳ್ಳಿಬಣ್ಣಕ್ಕೆ ತಿರುಗಿತು, ಕೈಗಳ ಮೇಲೆ ಕವಚ ಬಂತು, ಹೆಸರುಗಳ ಜಾಗಕ್ಕೆ ಪದವಿಗಳು ಬಂದವು. ಒಳಗೊಬ್ಬ ಮನುಷ್ಯನಿದ್ದಾನೆ ಎಂಬುದನ್ನು ನೆನಪಿಸುತ್ತಿದ್ದ ಗುರುತುಗಳು ಒಂದೊಂದಾಗಿ ಅಳಿದವು. ಧ್ವನಿನಾಟಕದಲ್ಲಂತೂ ಕೈಯೂ ಇಲ್ಲ, ಮುಸುಕೂ ಇಲ್ಲ. ಉಳಿಯುವುದು ದನಿಯೊಂದೇ. ಅಭಿಮಾನಿಗಳು ದನಿಯ ಬಗ್ಗೆ ಇಷ್ಟು ಹಟದಿಂದ ವಾದಿಸುವುದು ಅದಕ್ಕೇ, ಅದನ್ನು ಅತಿರೇಕ ಎನ್ನಲಾಗದು.

ನಾಲ್ಕು ದನಿ, ನಾಲ್ಕು ಪಂಗಡ

1966ರ ದನಿಯದು ವಿಚಿತ್ರ ರೀತಿ. ಮುಸುಕಿನೊಳಗಿನ ನಟ ಬಾಯಿ ತೆರೆದು ಹಾಗೇ ಇಟ್ಟುಕೊಳ್ಳುತ್ತಾನೆ, ತುಟಿ ಅಲುಗುವುದಿಲ್ಲ. ಮಾತು ಬೇರೆ ಕಡೆಯಿಂದ, ರಾಯ್ ಸ್ಕೆಲ್ಟನ್ ಮತ್ತು ಪೀಟರ್ ಹಾಕಿನ್ಸ್ ಅವರ ಗಂಟಲಿನಿಂದ ಬರುತ್ತದೆ. ಆ ಮಾತಿನಲ್ಲಿ ಏರಿಳಿತ ಬೇಕಾದಷ್ಟಿದೆ, ಆದರೆ ಎಲ್ಲವೂ ತಪ್ಪು ಜಾಗದಲ್ಲಿ. ‘ಬನ್ನಿ, ಕೂತುಕೊಳ್ಳಿ’ ಎನ್ನುವಾಗ ‘ಬ’ವನ್ನು ಕೆಳಗೆಳೆದು, ‘ನ್ನಿ’ಯನ್ನು ಥಟ್ಟನೆ ಮೇಲಕ್ಕೆತ್ತಿ, ‘ಕೂತು’ ಎಂಬುದನ್ನು ಮತ್ತೆ ತಳಕ್ಕಿಳಿಸಿ, ‘ಕೊಳ್ಳಿ’ಯನ್ನು ಪ್ರಶ್ನೆಯಂತೆ ಮುಗಿಸಿ ನೋಡಿ. ಪದಗಳೆಲ್ಲ ಸರಿಯಾಗಿಯೇ ಇರುತ್ತವೆ, ಆದರೆ ಹೇಳಿದವನಿಗೆ ಅರ್ಥದ ಸೋಂಕೇ ಇಲ್ಲವೆಂದು ಕೇಳಿದವರಿಗೆ ಥಟ್ಟನೆ ತಿಳಿಯುತ್ತದೆ. ‘ಸ್ಪೇರ್ ಪಾರ್ಟ್ಸ್’ ಮರಳಿ ಕೈಗೆತ್ತಿಕೊಂಡದ್ದು ಈ ರೀತಿಯನ್ನೇ.

1967ರ ಕಥೆಗಳಲ್ಲಿ ದನಿ ಬದಲಾಯಿತು. ಧ್ವನಿಪೆಟ್ಟಿಗೆ ಕಳೆದುಕೊಂಡ ರೋಗಿಗಳು ಬಳಸುವ ಕೃತಕ ಗುಂಯ್‌ಗುಡುವ ಸಾಧನದ ಮಾದರಿಯಲ್ಲಿ ಹಾಕಿನ್ಸ್ ಮಾತಾಡಿದರು. ಈ ಸಾಧನದ ದೋಷ ಕನ್ನಡದ ವರ್ಗಾಕ್ಷರ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ‘ಕ’ಕ್ಕೂ ‘ಗ’ಕ್ಕೂ, ‘ತ’ಕ್ಕೂ ‘ದ’ಕ್ಕೂ, ‘ಪ’ಕ್ಕೂ ‘ಬ’ಕ್ಕೂ ನಾಲಿಗೆ, ತುಟಿಗಳ ಜಾಗ ಒಂದೇ. ವ್ಯತ್ಯಾಸವಿರುವುದು ಗಂಟಲು ಕಂಪಿಸುತ್ತದೆಯೋ ಇಲ್ಲವೋ ಎಂಬುದರಲ್ಲಿ. ಸಾಧನದ ಗುಂಯ್‌ಕಾರ ನಿಲ್ಲುವುದೇ ಇಲ್ಲವಾದ್ದರಿಂದ ಕಂಪನವಿಲ್ಲದ ವ್ಯಂಜನವೇ ಉಳಿಯುವುದಿಲ್ಲ. ‘ಕತ್ತಿ’ ಎಂದರೆ ‘ಗದ್ದಿ’ ಎಂದಂತಾಗುತ್ತದೆ. ಟಿ.ವಿ.ಯಲ್ಲಿ ಚಿತ್ರ ಜೊತೆಗಿರುತ್ತದೆ, ನೋಡುಗರು ಊಹಿಸಿಕೊಳ್ಳುತ್ತಾರೆ. ಬರೀ ಕಿವಿಗೆಂದೇ ಮಾಡಿದ ನಾಟಕದಲ್ಲಿ ಒಂದು ಮುಖ್ಯ ಪದ ಹೀಗೆ ಜಾರಿದರೆ ಕಥೆಯ ಎಳೆಯೇ ತಪ್ಪುತ್ತದೆ. ಆ ದನಿಯನ್ನು ಪ್ರೀತಿಸುವವರು ಬಹಳ ಮಂದಿ ಇದ್ದಾರೆ, ಆದರೆ ಎರಡು ಗಂಟೆ ಅದನ್ನೇ ಕೇಳುವುದು ಬೇರೆ ಮಾತು.

ಮೂರನೆಯದು 1980ರ ದಶಕದ ದನಿ. 1982ರ ‘ಅರ್ತ್‌ಶಾಕ್’ ಕಥೆಯಲ್ಲಿ ಡೇವಿಡ್ ಬ್ಯಾಂಕ್ಸ್ ಸೈಬರ್ ನಾಯಕನಾಗಿ ಬಂದರು. ಅದು ಆಳವಾದ, ಗಂಭೀರವಾದ, ನಟನ ಉಸಿರು ತುಂಬಿದ ದನಿ. ಭಾವನೆಯನ್ನೇ ಕಿತ್ತುಹಾಕಿಸಿಕೊಂಡವನು ಗೆಲುವು ಕಂಡಾಗ ‘ಅತ್ಯುತ್ತಮ’ ಎಂದು ಉದ್ಗರಿಸಬಹುದೆ ಎಂಬ ಚರ್ಚೆ ಅಭಿಮಾನಿಗಳ ನಡುವೆ ಇವತ್ತಿಗೂ ಜೀವಂತ. ನಾಲ್ಕನೆಯದು 2006ರಿಂದ ಟಿ.ವಿ.ಯಲ್ಲಿ ಕೇಳಿಬಂದ, ಬ್ರಿಗ್ಸ್ ಅವರೇ ಕೊಟ್ಟ ಗುಡುಗುಡು ದನಿ.

ಯಾರು ಯಾವ ದನಿಯೊಂದಿಗೆ ಬೆಳೆದರೋ ಅದೇ ಅವರಿಗೆ ಅಳತೆಗೋಲು, ಇದು ಸಹಜ. ಆದರೆ 1966ರ ದನಿಗೆ ಇವತ್ತು ಹೊಸದೊಂದು ಬಲ ಬಂದಿದೆ. ಈಗ ಯಂತ್ರಗಳು ನಯವಾಗಿ, ಅಕ್ಕರೆಯಿಂದ ಮಾತಾಡುತ್ತವೆ. ಏಕತಾನದ ಗೊಗ್ಗರು ದನಿ ಕೇಳಿದರೆ ‘ಹಳೆಯ ಯಂತ್ರ’ ಅನಿಸುತ್ತದೆ ಅಷ್ಟೆ, ಭಯವಾಗುವುದಿಲ್ಲ. ಏರಿಳಿತವಿದ್ದೂ ಅರ್ಥಕ್ಕೆ ಅಂಟದ ದನಿ ಮಾತ್ರ ಈಗಲೂ ಮೈ ಜುಂ ಎನಿಸುತ್ತದೆ. ಮನುಷ್ಯನಂತೆ ಮಾತಾಡಲು ಯತ್ನಿಸಿ ಕೂದಲೆಳೆಯಷ್ಟರಲ್ಲಿ ತಪ್ಪುವುದು ಪೂರ್ತಿ ಯಂತ್ರವಾಗಿರುವುದಕ್ಕಿಂತ ಹೆಚ್ಚು ಕಾಡುತ್ತದೆ.

ಲೋಹದ ದನಿಯ ಲೆಕ್ಕ

‘ದನಿ ಸರಿಯಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಖಚಿತವಾದ ತಾಂತ್ರಿಕ ಕಾರಣ ಇರುತ್ತದೆ. ಅದು ಗೊತ್ತಿದ್ದರೆ ದೂರನ್ನು ತೂಗಿ ನೋಡಬಹುದು.

ಇಂಥ ದನಿಗಳಿಗೆ ಹೆಚ್ಚಾಗಿ ಬಳಸುವುದು ರಿಂಗ್ ಮಾಡ್ಯುಲೇಟರ್. ನಟನ ದನಿಯನ್ನು ಇನ್ನೊಂದು ಸ್ಥಿರ ಸ್ವರದೊಂದಿಗೆ ಗುಣಿಸುವ ಉಪಕರಣ ಅದು. ಗುಣಿಸಿದಾಗ ಮೂಲ ಸ್ವರ ಮರೆಯಾಗಿ, ಎರಡರ ಮೊತ್ತ ಮತ್ತು ವ್ಯತ್ಯಾಸ ಹೊರಬರುತ್ತವೆ. ನಟನ ದನಿ 120 ಹರ್ಟ್ಸ್ (ಸೆಕೆಂಡಿಗೆ 120 ಕಂಪನ), ಸ್ಥಿರ ಸ್ವರ 30 ಹರ್ಟ್ಸ್ ಎಂದಿಟ್ಟುಕೊಳ್ಳಿ. ಸಿಗುವುದು 90 ಮತ್ತು 150. ದನಿಯ ಮೇಲಿನ ಪದರಗಳಾದ 240, 360 ಹರ್ಟ್ಸ್‌ಗಳಿಂದ 210, 270, 330, 390 ಸಿಗುತ್ತವೆ. ಎಲ್ಲವೂ 60ರ ಸಮ ಅಂತರದಲ್ಲಿ ಕೂತಿರುವುದರಿಂದ ಕಿವಿಗೆ ಒರಟಾದರೂ ಒಟ್ಟಾದ ದನಿಯೇ ಕೇಳಿಸುತ್ತದೆ. ಸ್ಥಿರ ಸ್ವರವನ್ನು 50ಕ್ಕೆ ಏರಿಸಿದರೆ 70, 170, 190, 290, 310, 410 ಎಂದಾಗುತ್ತದೆ. ಅಂತರ ಒಮ್ಮೆ 100, ಒಮ್ಮೆ 20. ಪದರಗಳು ಒಂದಕ್ಕೊಂದು ಹೊಂದದೆ ತಗಡು ಬಡಿದಂತೆ ಜಣಗುಟ್ಟುತ್ತವೆ. ಡಾಲೆಕ್ ಎಂಬ ಇನ್ನೊಂದು ಖಳಕುಲದ ಪ್ರಸಿದ್ಧ ದನಿಗೆ ಬಳಸಿದ್ದು 30 ಹರ್ಟ್ಸ್‌ನ ಸುತ್ತಮುತ್ತಲಿನ ಸ್ವರ. ಸೈಬರ್‌ಮನ್ ದನಿಯೂ ಅಲ್ಲಿಗೇ ಜಾರಿದರೆ ಕೇಳುಗರು ‘ಇದು ಡಾಲೆಕ್ ಆಯಿತಲ್ಲ’ ಎಂದು ಮುಖ ಸಿಂಡರಿಸುತ್ತಾರೆ. ಆ ದೂರು ನ್ಯಾಯವಾದದ್ದೇ.

ಕೆಲಸದ ಕ್ರಮದಲ್ಲಿ ಎಡವಟ್ಟಾದರೂ ದನಿ ಕೆಡುತ್ತದೆ. ನಟ ಮೈಕಿನಿಂದ ಒಂದು ಗೇಣು ದೂರ ಕೂತು, ಗೋಡೆಯ ಪ್ರತಿಧ್ವನಿ ಇಲ್ಲದ ಜಾಗದಲ್ಲಿ ಮಾತಾಡಬೇಕು. ಮೊದಲು ಮಾತುಮಾತಿನ ನಡುವಿನ ಸದ್ದನ್ನು ಮುಚ್ಚಬೇಕು. ಇಲ್ಲದಿದ್ದರೆ ಕೋಣೆಯ ಸಣ್ಣ ಮರ್ಮರವೂ ಗುಣಿಸಲ್ಪಟ್ಟು ಬುರುಬುರು ಎನ್ನುತ್ತದೆ. ಆಮೇಲೆ ಕಂಪ್ರೆಸರ್ ಹಾಕಿ ಏರುದನಿ ಇಳಿದನಿಗಳ ಅಂತರ ತಗ್ಗಿಸಬೇಕು, 3ಕ್ಕೆ 1 ಅಥವಾ 4ಕ್ಕೆ 1ರ ಪ್ರಮಾಣ ಸಾಕು. ಇದನ್ನು ಬಿಟ್ಟರೆ ವಾಕ್ಯದ ಕೊನೆಯ ಪದ ನುಂಗಿಹೋಗುತ್ತದೆ. ಮೂರನೆಯದಾಗಿ ಮಾಡ್ಯುಲೇಟರ್. ನಾಲ್ಕನೆಯದಾಗಿ, ಮೂಲ ದನಿಯನ್ನು ಶೇ 30ರಿಂದ 40ರಷ್ಟು ಮತ್ತೆ ಬೆರೆಸಬೇಕು, ಏಕೆಂದರೆ ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ 2000ದಿಂದ 4000 ಹರ್ಟ್ಸ್ ನಡುವೆ ಇರುತ್ತದೆ ಮತ್ತು ಮಾಡ್ಯುಲೇಟರ್ ಅದನ್ನೆಲ್ಲ ಕಲಸಿಬಿಟ್ಟಿರುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಪ್ರತಿಧ್ವನಿಯನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಬೇಕು. ಅದನ್ನು ಮಾಡ್ಯುಲೇಟರಿಗಿಂತ ಮೊದಲೇ ಸೇರಿಸಿದರೆ ಪ್ರತಿಧ್ವನಿಯೂ ನಡುಗಿ, ಒಂದು ಪದ ಇನ್ನೊಂದರ ಮೇಲೆ ಬಿದ್ದು ಎಲ್ಲ ಗೋಜಲಾಗುತ್ತದೆ.

ಒಂದೇ ದೃಶ್ಯದಲ್ಲಿ ಮೂರು ಸೈಬರ್‌ಮನ್‌ಗಳು ಮಾತಾಡುವುದು ಧ್ವನಿನಾಟಕದ ದೊಡ್ಡ ಹೊಂಡ. ಒಬ್ಬರೇ ನಟ, ಒಂದೇ ಸ್ವರ, ಹೀಗಾದರೆ ಯಾರು ಯಾರಿಗೆ ಹೇಳಿದರು ಎಂಬುದೇ ತಿಳಿಯದು. ಸ್ಥಿರ ಸ್ವರವನ್ನು ಒಬ್ಬನಿಗೆ 35, ಇನ್ನೊಬ್ಬನಿಗೆ 45, ಮೂರನೆಯವನಿಗೆ 55 ಎಂದು ಬೇರ್ಪಡಿಸಿ, ಎಡ, ಬಲ, ನಡು ಎಂದು ಜಾಗ ಹಂಚಿದರೆ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ಸಮಸ್ಯೆಯನ್ನು ಸ್ಕ್ರಿಪ್ಟಿನಲ್ಲೇ ತೀರಿಸುವುದು ಇನ್ನೂ ಒಳ್ಳೆಯದು: ಒಂದು ದೃಶ್ಯದಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಮಾತು ಕೊಡಬಾರದು. ಹೆಜ್ಜೆ ಸದ್ದಿನಲ್ಲೂ ಇಂಥದೇ ಸೂಕ್ಷ್ಮವಿದೆ. ಮನುಷ್ಯರ ಸಾಮಾನ್ಯ ನಡಿಗೆ ನಿಮಿಷಕ್ಕೆ ನೂರು ನೂರಿಪ್ಪತ್ತು ಹೆಜ್ಜೆ. ಅರವತ್ತು ಎಪ್ಪತ್ತಕ್ಕೆ ಇಳಿಸಿದರೆ ಭಾರ ಬರುತ್ತದೆ. ಆದರೆ ಹತ್ತು ಜನರ ಹೆಜ್ಜೆ ಕರಾರುವಾಕ್ಕಾಗಿ ಒಟ್ಟಿಗೆ ಬಿದ್ದರೆ ಕಿವಿ ಅದನ್ನು ಒಬ್ಬನೇ ದೈತ್ಯನ ಹೆಜ್ಜೆ ಎಂದುಕೊಳ್ಳುತ್ತದೆ. ಒಂದಕ್ಕೊಂದು 60, 80 ಮಿಲಿಸೆಕೆಂಡ್ ಹಿಂದೆಮುಂದೆ ಸರಿಸಿದಾಗಲೇ ಅದು ದಂಡಾಗಿ ಕೇಳಿಸುವುದು.

ಇಷ್ಟೆಲ್ಲದರಲ್ಲಿ ಕಥೆಗೆ ನೇರವಾಗಿ ಸಂಬಂಧಿಸಿದ್ದು ಆ ಶೇ 30ರ ಮೂಲ ದನಿ. ಯಂತ್ರದ ಮರೆಯಲ್ಲಿ ಕೇಳಿಸುವ ಮನುಷ್ಯ ಅಲ್ಲೇ ಇದ್ದಾನೆ. ನಟ ಅಥವಾ ನಟಿಯನ್ನು ನಾವು ಮೊದಲೇ ಬರಿದನಿಯಲ್ಲಿ ಕೇಳಿದ್ದರೆ ಆ ಅಂಶ ಸಾಕು, ಕಿವಿ ಗುರುತು ಹಿಡಿಯುತ್ತದೆ. ಕೇಳಿರದಿದ್ದರೆ ಅದು ಬರೀ ತಾಂತ್ರಿಕ ಸ್ಪಷ್ಟತೆಯಾಗಿ ಉಳಿಯುತ್ತದೆ.

ಹಾರ್ಟ್ಲಿ ಮನೆಯ ಬಾಗಿಲು

‘ಸ್ಪೇರ್ ಪಾರ್ಟ್ಸ್’ ಗೆಲ್ಲುವುದು ಇಲ್ಲಿಯೇ. ಮೊಂಡಾಸ್ ಎಂಬ ಗ್ರಹ, ಭೂಮಿಯ ಅವಳಿ, ಸೂರ್ಯನಿಂದ ದೂರ ತೇಲಿಹೋಗಿದೆ. ಉಳಿದ ಜನ ನೆಲದಡಿಯ ಒಂದೇ ನಗರದಲ್ಲಿ ಜೀವ ಹಿಡಿದುಕೊಂಡಿದ್ದಾರೆ. ಮೇಲ್ಮೈಯ ಚಳಿಯಲ್ಲಿ ದುಡಿಯಬೇಕಾದವರ ದೇಹವನ್ನು ಯಂತ್ರಕ್ಕೆ ಜೋಡಿಸಲಾಗುತ್ತಿದೆ. ಡಾಕ್ಟರ್ (ಪೀಟರ್ ಡೇವಿಸನ್) ಮತ್ತು ನಿಸ್ಸಾ (ಸಾರಾ ಸಟನ್) ಅಲ್ಲಿಗೆ ಬಂದಿಳಿಯುತ್ತಾರೆ. ನಿಸ್ಸಾ ಹಾರ್ಟ್ಲಿ ಎಂಬ ಸಾಧಾರಣ ಕುಟುಂಬದ ಪರಿಚಯ ಮಾಡಿಕೊಳ್ಳುತ್ತಾಳೆ: ಅಪ್ಪ, ಮಗ ಫ್ರಾಂಕ್, ಮಗಳು ಇವಾನ್. ಮೊದಲರ್ಧದಲ್ಲಿ ನಾವು ಕೇಳುವುದು ಬಹುಪಾಲು ಇವರ ಮನೆಮಾತು. ಮಕ್ಕಳಿಬ್ಬರ ಕಿತ್ತಾಟ, ಅಪ್ಪನ ಗೊಣಗಾಟ, ಇವಾನ್‌ಳ ಮೆತ್ತಗಿನ ದನಿ. ಮೇಲ್ಮೈಯ ಆ ಕೆಲಸಕ್ಕೆ ಕರೆ ಬರಲೆಂದು ಕಾಯುತ್ತಿರುವವನು ಫ್ರಾಂಕ್, ಕರೆ ಬರುವುದು ಇವಾನ್‌ಗೆ.

ಆಮೇಲೆ ಅರ್ಧ ಬದಲಾದ ಸ್ಥಿತಿಯಲ್ಲಿ ಅವಳು ಮನೆಗೆ ಮರಳುತ್ತಾಳೆ. ಈ ನಾಟಕವನ್ನು ಮೆಚ್ಚುವವರು ಮತ್ತೆಮತ್ತೆ ಎತ್ತಿ ಹೇಳುವ ದೃಶ್ಯ ಇದೇ. ಟಿ.ವಿ.ಯಲ್ಲಾಗಿದ್ದರೆ ಬಾಗಿಲಲ್ಲಿ ನಿಂತ ಆಕಾರ ಕಂಡ ಕೂಡಲೇ ನೋಡುಗನಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಕಿವಿಗೆ ಹಾಗಲ್ಲ. ಮನೆಯವರಿಗೆ ಗೊತ್ತಾಗುವಷ್ಟು ನಿಧಾನವಾಗಿಯೇ ನಮಗೂ ಗೊತ್ತಾಗುತ್ತದೆ. ಬಂದದ್ದು ಯಾರು ಎಂಬುದು ಮಾತಿನ ರೀತಿಯಿಂದ, ಮನೆಯನ್ನು ಬಲ್ಲ ಹಾಗಿರುವ ತಡವರಿಕೆಯಿಂದ ಬಿಚ್ಚಿಕೊಳ್ಳುತ್ತದೆ. ಏರಿಳಿತ ತಪ್ಪಿದ ಆ ದನಿಯಲ್ಲಿ ನಾವು ಅರ್ಧ ಗಂಟೆಯ ಹಿಂದೆ ಕೇಳಿದ ಹುಡುಗಿಯನ್ನು ಹುಡುಕತೊಡಗುತ್ತೇವೆ. ಹುಡುಕುವ ಕೆಲಸವನ್ನು ಕೇಳುಗನೇ ಮಾಡುತ್ತಾನಾದ್ದರಿಂದ ಏಟು ಆಳಕ್ಕೆ ಬೀಳುತ್ತದೆ.

ಡಾಕ್ಟರ್ ಮತ್ತು ನಿಸ್ಸಾರ ಜೋಡಿಯೂ ಸುಮ್ಮನೆ ಆರಿಸಿದ್ದಲ್ಲ. ಅವರ ಜೊತೆಗಾರ ಆಡ್ರಿಕ್ ಸತ್ತದ್ದು ‘ಅರ್ತ್‌ಶಾಕ್’ನಲ್ಲಿ, ಸೈಬರ್‌ಮನ್‌ಗಳ ಕಾರಣದಿಂದ. ಕಾಲವನ್ನು ತಿದ್ದಿದರೆ ಆ ಸಾವೂ ತಪ್ಪೀತಲ್ಲ ಎಂಬ ಮಾತು ಅವರಿಬ್ಬರ ನಡುವೆ ಭಾರವಾಗಿ ನಿಂತಿದೆ. ‘ಅರ್ತ್‌ಶಾಕ್’ ನೋಡದೆ ಈ ನಾಟಕಕ್ಕೆ ಬಂದವರಲ್ಲಿ ಕೆಲವರು ನಿಸ್ಸಾಳ ಸಿಟ್ಟು ಅತಿಯಾಯಿತು ಎನ್ನುವುದುಂಟು. ಆ ನಾಲ್ಕು ಕಂತು ನೋಡಿ ಬಂದರೆ ಹಾಗೆ ಅನಿಸದು.

ಮೆಚ್ಚದವರ ಮಾತು

ಈ ನಾಟಕವನ್ನು ಒಪ್ಪದವರ ವಾದಗಳೂ ಹಗುರವಾದವಲ್ಲ. ಮೊದಲ ಕಂತು ನಿಧಾನ ಎನ್ನುತ್ತಾರೆ. ನಿಧಾನವೇ, ನಿಜ. ಬೇರೆ ಗ್ರಹದ ಜನ 1950ರ ದಶಕದ ಬ್ರಿಟಿಷ್ ಕೂಲಿಕಾರ ಕುಟುಂಬದಂತೆ ಮಾತಾಡುವುದು ಕೆಲವರಿಗೆ ಒಗ್ಗುವುದಿಲ್ಲ. ಆದರೆ ಈ ಎರಡೂ ‘ದೋಷ’ಗಳನ್ನು ತೆಗೆದರೆ ಇವಾನ್ ಮರಳುವ ದೃಶ್ಯಕ್ಕೆ ನೆಲೆಯೇ ಇರುವುದಿಲ್ಲ. ಮೊಂಡಾಸಿನ ಜನ ವಿಚಿತ್ರ ಭಾಷೆಯಲ್ಲಿ, ವಿಚಿತ್ರ ದನಿಯಲ್ಲಿ ಮಾತಾಡಿದ್ದರೆ ಬದಲಾವಣೆಗೆ ಮುಂಚೆ ಮತ್ತು ನಂತರ ಎಂಬ ವ್ಯತ್ಯಾಸವೇ ಕಿವಿಗೆ ಸಿಗುತ್ತಿರಲಿಲ್ಲ. ನಿಧಾನ ಇಲ್ಲಿ ತೆರಬೇಕಾದ ಬೆಲೆ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಕಸಿ ಮಾಡಿದ ಭಾಗಗಳನ್ನು ದೇಹ ತಿರಸ್ಕರಿಸುವ ತೊಡಕಿಗೆ ಅಲ್ಲಿನ ಮುಖ್ಯ ಶಸ್ತ್ರಚಿಕಿತ್ಸಕಿ ಡಾಕ್ಟರ್‌ಮನ್ ಆಲನ್ ಉತ್ತರ ಕಂಡುಕೊಳ್ಳುವುದು ಡಾಕ್ಟರನ ಸ್ವಂತ ದೇಹರಚನೆಯನ್ನು ಅಚ್ಚಾಗಿ ಬಳಸಿ. ಅಂದರೆ ಸೈಬರ್‌ಮನ್‌ಗಳ ಹುಟ್ಟಿಗೆ ಡಾಕ್ಟರನೇ ಕಾರಣನಾಗುತ್ತಾನೆ. ಎಲ್ಲ ಎಳೆಗಳೂ ನಾಯಕನಿಗೇ ಗಂಟು ಬಿದ್ದರೆ ಬ್ರಹ್ಮಾಂಡ ಅಂಗೈಯಗಲ ಆಗಿಬಿಡುತ್ತದೆ ಎಂಬುದು ಅಭಿಮಾನಿಗಳ ದೂರು. ಅಂಗ ತಿರಸ್ಕಾರ ಕಸಿವೈದ್ಯದ ನಿಜವಾದ ಕಂಟಕ, ಅದನ್ನು ಕಥೆಯೊಳಗೆ ತಂದದ್ದು ಚೆನ್ನಾಗಿದೆ. ಆದರೆ ಪರಿಹಾರವನ್ನು ಡಾಕ್ಟರನ ಮೈಯಿಂದಲೇ ತೆಗೆಯುವ ಅಗತ್ಯವಿರಲಿಲ್ಲ. ಹಸಿವು, ಚಳಿ, ಹೆದರಿಕೆಗಳಿಂದ ಜನ ತಾವಾಗಿಯೇ ಈ ದಾರಿ ಹಿಡಿದರು ಎಂಬುದಷ್ಟೇ ಸಾಕಾಗಿತ್ತು, ಇನ್ನೂ ಹೆಚ್ಚು ನೋಯಿಸುತ್ತಿತ್ತು. ಇಲ್ಲಿ ನಾಟಕ ಸ್ವಲ್ಪ ಎಡವಿದೆ ಎನ್ನದೆ ವಿಧಿಯಿಲ್ಲ.

ಹುಟ್ಟಿನ ಕಥೆ ಹೇಳಿದರೆ ಖಳನ ನಿಗೂಢತೆ ಹೋಗುತ್ತದೆ ಎಂಬ ಇನ್ನೊಂದು ವಾದ ಸೈಬರ್‌ಮನ್‌ಗಳಿಗೆ ಅಷ್ಟಾಗಿ ಒಪ್ಪದು. ಅವರಲ್ಲಿ ನಿಗೂಢವೆಂಬುದು ಮೊದಲಿನಿಂದಲೂ ಇರಲಿಲ್ಲ. ‘ನಾವೂ ನಿಮ್ಮಂತೆಯೇ ಇದ್ದೆವು’ ಎಂಬುದನ್ನು ಮೊದಲ ಕಥೆಯಲ್ಲೇ ಬಾಯಿಬಿಟ್ಟು ಹೇಳಿಯಾಗಿತ್ತು.

ಸೈನ್ಯವಾಗಿ ಬಂದಾಗ

ಇನ್ನೊಂದು ಪಂಗಡಕ್ಕೆ ಪ್ರಿಯವಾದದ್ದು 2001ರ ‘ಸ್ವೋರ್ಡ್ ಆಫ್ ಓರಿಯನ್’. ಪಾಲ್ ಮೆಕ್‌ಗ್ಯಾನ್ ಎಂಟನೇ ಡಾಕ್ಟರ್, ಇಂಡಿಯಾ ಫಿಶರ್ ಅವನ ಜೊತೆಗಾತಿ ಚಾರ್ಲಿ. ಬ್ರಿಗ್ಸ್ 1980ರ ದಶಕದಲ್ಲಿ ಅಭಿಮಾನಿಗಳ ಧ್ವನಿನಾಟಕ ತಂಡಕ್ಕಾಗಿ ಬರೆದದ್ದನ್ನೇ ಹೊಸದಾಗಿ ತಿದ್ದಿ ಬರೆದ ನಾಟಕ ಇದು. ಪಾಳುಬಿದ್ದ ಅಂತರಿಕ್ಷ ನೌಕೆ, ಗುಜರಿ ಆಯುವವರ ತಂಡ, ಕತ್ತಲೆಯ ಓಣಿಗಳು, ಒಬ್ಬೊಬ್ಬರಾಗಿ ಕಣ್ಮರೆ. ಮೊದಲೆರಡು ಕಂತುಗಳ ಸದ್ದಿನ ಕೆಲಸವನ್ನು ಇಷ್ಟಪಡದವರು ಕಡಿಮೆ. ಆಮೇಲೆ ಓಡಾಟವೇ ಹೆಚ್ಚಾಗಿ ಬಿಗಿ ಸಡಿಲಾಗುತ್ತದೆ ಎಂಬುದು ಬಹುತೇಕರ ಮಾತು.

ಕಾರಣ ಮೇಲೆ ಹೇಳಿದ್ದೇ. ಆ ಸೈಬರ್‌ಮನ್‌ಗಳು ಯಾರಾಗಿದ್ದರು ಎಂಬುದು ನಮಗೆ ಗೊತ್ತಿಲ್ಲ. ಅವರು ಬರುವವರೆಗೆ ಭಯ ಚೆನ್ನಾಗಿ ಬೆಳೆಯುತ್ತದೆ. ಬಂದು ಮಾತಾಡತೊಡಗಿದ ಮೇಲೆ ಆಜ್ಞೆ, ಬೆದರಿಕೆ, ಮತ್ತೆ ಆಜ್ಞೆ. ಕುತೂಹಲದ ಸಂಗತಿಯೆಂದರೆ, ಇಡೀ ನಾಟಕದಲ್ಲಿ ಬಹಳ ಕಾಲ ನೆನಪಿನಲ್ಲಿ ಉಳಿಯುವ ಪಾತ್ರ ಡೀವಾ ಜಾನ್ಸನ್‌ಳದು. ಮನುಷ್ಯಳೆಂದೇ ನಾವು ಕೇಳುತ್ತ ಬಂದ ಅವಳು ಆಂಡ್ರಾಯ್ಡ್, ಅಂದರೆ ಮನುಷ್ಯರೂಪದ ಯಂತ್ರ, ಎಂದು ಗೊತ್ತಾಗುತ್ತದೆ. ಅಲ್ಲಿಯೂ ಕೆಲಸ ಮಾಡಿದ್ದು ನಾವು ಮೊದಲೇ ಕೇಳಿದ, ನಂಬಿದ ದನಿಯೇ.

2005ರಲ್ಲಿ ಬ್ರಿಗ್ಸ್ ಬರೆದ ನಾಲ್ಕು ಕಂತಿನ ‘ಸೈಬರ್‌ಮನ್’ ಸರಣಿ ಇನ್ನೊಂದು ಪ್ರಯೋಗ. ಅದರಲ್ಲಿ ಡಾಕ್ಟರನೇ ಇಲ್ಲ. ಮನುಷ್ಯರಿಗೂ ಆಂಡ್ರಾಯ್ಡ್‌ಗಳಿಗೂ ನಡೆಯುವ ಓರಿಯನ್ ಯುದ್ಧದ ಮರೆಯಲ್ಲಿ ಸೈಬರ್‌ಮನ್‌ಗಳು ಒಳಸೇರುತ್ತಾರೆ. ಕಾಪಾಡುವವನು ಬಂದೇ ಬರುತ್ತಾನೆ ಎಂಬ ಭರವಸೆ ಇಲ್ಲದಿರುವುದೇ ಇದರ ಬಲ ಎನ್ನುವವರಿದ್ದಾರೆ. ಡಾಕ್ಟರನಿಲ್ಲದೆ ಬೆಳಕೇ ಇಲ್ಲ ಎನ್ನುವವರೂ ಇದ್ದಾರೆ. ಜೇಮ್ಸ್ ಸ್ವಾಲೋ ಬರೆದ ಎರಡನೇ ಭಾಗ 2009ರಲ್ಲಿ ಬಂತು. ಇವೆರಡಕ್ಕೂ ಮೊದಲು, 2004ರಲ್ಲಿ, ಡ್ಯಾನ್ ಆಬ್ನೆಟ್ ಬರೆದ ‘ದಿ ಹಾರ್ವೆಸ್ಟ್’ ಹೊರಬಿದ್ದಿತ್ತು. 2021ರ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನಡೆಯುವ ಕಥೆ. ಲೋಹ ಬಿಟ್ಟು ಮತ್ತೆ ಮಾಂಸಕ್ಕೆ ಮರಳುವ ವಿಚಾರ ಅದರ ತಿರುಳು. ಕಲ್ಪನೆ ಶ್ರೀಮಂತವಾದದ್ದು. ಆದರೆ ಅಲ್ಲಿ ಮುಖ್ಯ ಆಕರ್ಷಣೆ ಹೊಸ ಜೊತೆಗಾರ ಹೆಕ್ಸ್‌ನ ಪರಿಚಯ, ಆದ್ದರಿಂದ ಚರ್ಚೆಯೂ ಆ ಕಡೆಗೇ ಹರಿಯುತ್ತದೆ.

‘ಸ್ಪೇರ್ ಪಾರ್ಟ್ಸ್’ಗೆ ಭುಜ ತಾಗುವಷ್ಟು ಹತ್ತಿರ ಬರುವುದು ಪ್ಲಾಟ್ ಅವರೇ ಬರೆದ ‘ದಿ ಸಿಲ್ವರ್ ಟರ್ಕ್’, 2011ರದು. 1873ರ ವಿಯೆನ್ನಾ ವಸ್ತುಪ್ರದರ್ಶನದ ಕಾಲ. ಗಾಯಗೊಂಡ ಸೈಬರ್‌ಮನ್ ಒಬ್ಬನನ್ನು ಆಟದ ಗೊಂಬೆಯೆಂದು ಜನರ ಮುಂದೆ ಪ್ರದರ್ಶಿಸುತ್ತಿದ್ದಾರೆ. ಡಾಕ್ಟರನ ಜೊತೆಗಿರುವವಳು ಯುವತಿ ಮೇರಿ ಶೆಲ್ಲಿ, ‘ಫ್ರಾಂಕೆನ್‌ಸ್ಟೈನ್’ ಬರೆದವಳು. ಹೆಸರಿನ ಮೂಲ 1770ರಲ್ಲಿ ವೊಲ್ಫ್‌ಗಾಂಗ್ ವಾನ್ ಕೆಂಪೆಲೆನ್ ತಯಾರಿಸಿದ ಚದುರಂಗವಾಡುವ ‘ಟರ್ಕ್’ ಗೊಂಬೆ, ಒಳಗೆ ಮನುಷ್ಯನನ್ನು ಅಡಗಿಸಿಟ್ಟುಕೊಂಡಿದ್ದ ಯಂತ್ರ. ಇದೇ ಕೆಂಪೆಲೆನ್ ತಿದಿ ಮತ್ತು ಕಂಪಿಸುವ ನಾಲಿಗೆ ಬಳಸಿ ಮಾತಾಡುವ ಯಂತ್ರವನ್ನೂ ಕಟ್ಟಿ, 1791ರಲ್ಲಿ ಅದರ ಬಗ್ಗೆ ಪುಸ್ತಕ ಬರೆದಿದ್ದರು. ಯಂತ್ರದೊಳಗಿನ ಮನುಷ್ಯ, ಮಾತಾಡುವ ಯಂತ್ರ, ಎರಡೂ ಒಬ್ಬರದೇ ಕೆಲಸ. ಸೈಬರ್‌ಮನ್ ಕಥೆಗೆ ಇದಕ್ಕಿಂತ ಹೊಂದುವ ಹಿನ್ನೆಲೆ ಸಿಗುವುದು ಕಷ್ಟ. ನಾಟಕ ಆ ಖಳನ ಮೇಲೆ ಮೊದಲು ಕನಿಕರ ಹುಟ್ಟಿಸಿ ಆಮೇಲೆ ಹೆದರಿಸುತ್ತದೆ. ಈ ಕ್ರಮವೇ ಅದನ್ನು ಉಳಿದವುಗಳಿಂದ ಮೇಲಕ್ಕೆತ್ತಿದೆ.

ಇತಿಹಾಸ ತಾಳೆಯಾಗದ ಜಗಳ

2006ರಲ್ಲಿ ಟಿ.ವಿ. ಸರಣಿ ಸೈಬರ್‌ಮನ್‌ಗಳನ್ನು ಮರಳಿ ತಂದಾಗ ಅವರನ್ನು ಸಮಾಂತರ ಭೂಮಿಯೊಂದರಲ್ಲಿ, ಜಾನ್ ಲುಮಿಕ್ ಎಂಬ ಉದ್ಯಮಿಯ ಕೈಯಲ್ಲಿ ಹುಟ್ಟಿಸಿತು. ತೆರೆಯ ಮೇಲೆ ಮಾರ್ಕ್ ಪ್ಲಾಟ್ ಅವರಿಗೆ ಕೃತಜ್ಞತೆ ಸಲ್ಲಿಸಿತಾದರೂ ಕಥೆ ಬೇರೆ. 2017ರಲ್ಲಿ ಸ್ಟೀವನ್ ಮೊಫಟ್ ಬರೆದ ಎರಡು ಕಂತುಗಳಲ್ಲಿ ಮೊಂಡಾಸಿನ ಹಳೆಯ ಬಟ್ಟೆಮುಸುಕಿನವರು ಮರಳಿದರು, ಆದರೆ ಮೊಂಡಾಸಿನಿಂದ ಹೊರಟ ಬೃಹತ್ ನೌಕೆಯೊಂದರಲ್ಲಿ ಹುಟ್ಟಿ. ಹಾಗಾದರೆ ನಿಜವಾದ ಹುಟ್ಟು ಯಾವುದು? ಡಾಕ್ಟರನೇ ಅಲ್ಲಿ ಉತ್ತರಿಸುತ್ತಾನೆ: ಮೊಂಡಾಸ್, ಟೆಲೋಸ್, ಭೂಮಿ, ಮರಿನಸ್, ಮನುಷ್ಯರಿರುವ ಕಡೆಯಲ್ಲೆಲ್ಲ ಇವರು ಹುಟ್ಟಿಕೊಳ್ಳುತ್ತಾರೆ. ಒಂದೇ ಹುಟ್ಟು ಬೇಕೆನ್ನುವವರಿಗೆ ಇದು ಜಾರಿಕೊಂಡಂತೆ ಕಂಡಿತು. ಆದರೆ ಪೆಡ್ಲರ್ ಅವರ ಮೂಲ ಭಯಕ್ಕೆ ನಿಷ್ಠವಾದ ಉತ್ತರ ಇದೇ. ಹೀಗಾಗಿ ‘ಸ್ಪೇರ್ ಪಾರ್ಟ್ಸ್’ ಅನ್ನು ಯಾವುದೂ ಅಳಿಸಿಹಾಕಿಲ್ಲ.

ಆ ಟಿ.ವಿ. ಕಥೆಗಳಲ್ಲೂ ಜನ ನೆನೆಯುವ ಕ್ಷಣಗಳು ಯಾವುವು ನೋಡಿ. 2006ರಲ್ಲಿ, ಭಾವನೆ ತಡೆಯುವ ಚಿಪ್ ಕೆಟ್ಟು ನೆಲಕ್ಕೆ ಬಿದ್ದ ಸೈಬರ್‌ಮನ್ ತನ್ನ ಹೆಸರು ಸ್ಯಾಲಿ ಫೆಲನ್ ಎಂದು, ತನಗೆ ಚಳಿಯಾಗುತ್ತಿದೆ ಎಂದು ಹೇಳುತ್ತದೆ. ಮದುವೆಯ ಹಿಂದಿನ ರಾತ್ರಿ ಹಿಡಿದು ತಂದ ಹೆ‌ಣ್ಣುಮಗಳು ಅವಳು. 2017ರಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಮುಸುಕು ಹಾಕಿ ಕೂರಿಸಿದ ರೋಗಿ ಗುಂಡಿ ಒತ್ತಿ ‘ನೋವು, ನೋವು’ ಎಂದು ಯಂತ್ರದಿಂದ ಹೇಳಿಸುತ್ತಾನೆ. ನರ್ಸ್ ಬಂದು ನೋವನ್ನು ಕಡಿಮೆ ಮಾಡುವುದಿಲ್ಲ, ಯಂತ್ರದ ದನಿಯನ್ನು ಕಡಿಮೆ ಮಾಡಿ ಹೋಗುತ್ತಾಳೆ. ಚಿತ್ರವಿದ್ದೂ ಎರಡು ಕಡೆಯೂ ಕೆಲಸ ಮಾಡಿದ್ದು ಕಿವಿಗೆ ಬಿದ್ದದ್ದೇ.

ಅಭಿಪ್ರಾಯ ಓದುವಾಗ, ಕೇಳಲು ಕೂರುವಾಗ

ಈ ನಾಟಕಗಳ ಬಗ್ಗೆ ಯಾರ ಅಭಿಪ್ರಾಯ ಓದಿದರೂ ಅದು ಯಾವಾಗ ಬರೆದದ್ದು ಎಂದು ಮೊದಲು ನೋಡಬೇಕು. 2006ಕ್ಕೆ ಮುಂಚೆ ಬರೆದವರಿಗೆ ಹೋಲಿಕೆಗೆ ಇದ್ದದ್ದು ಹಳೆಯ ಟಿ.ವಿ. ಕಥೆಗಳು ಮಾತ್ರ, ಆಗ ‘ಸ್ಪೇರ್ ಪಾರ್ಟ್ಸ್’ ಸಿಡಿಲಿನಂತೆ ಎರಗಿತ್ತು. 2017ರ ನಂತರ ಬಂದವರು ಅದೇ ಬಗೆಯ ದೃಶ್ಯಗಳನ್ನು ತೆರೆಯ ಮೇಲೆ ಆಗಲೇ ಕಂಡಿರುತ್ತಾರೆ, ಅವರಿಗೆ ‘ಇದರಲ್ಲೇನು ಅಂಥದ್ದು’ ಎನಿಸಿದರೆ ತಪ್ಪಲ್ಲ. ಅಂಕಗಳನ್ನೂ ಹಾಗೇ ನಂಬುವಂತಿಲ್ಲ. 2002ರ ನಾಟಕವನ್ನು ಈಗ ಹುಡುಕಿ ಕೇಳುವವರು ಹೊಗಳಿಕೆ ಕೇಳಿಯೇ ಬಂದವರು. ಹೊಸ ನಾಟಕಕ್ಕಾದರೆ ಸರಣಿಯ ಎಲ್ಲವನ್ನೂ ಕೊಳ್ಳುವವರು ಅಂಕ ಕೊಡುತ್ತಾರೆ, ಅವರಲ್ಲಿ ಸೈಬರ್‌ಮನ್ ಎಂದರೆ ಅಷ್ಟಕ್ಕಷ್ಟೇ ಎನ್ನುವವರೂ ಸೇರಿರುತ್ತಾರೆ. ಎರಡು ಅಂಕಗಳು ಅಕ್ಕಪಕ್ಕ ಕೂತರೂ ಅಳೆದ ಕೋಲು ಬೇರೆ.

ಹೇಗೆ ಕೇಳಿದರು ಎಂಬುದೂ ಮುಖ್ಯ. ಓಡುವ ವಾಹನದೊಳಗೆ ಎಂಜಿನ್ನಿನ ಮೊರೆತ ತಗ್ಗಿನ ಸ್ವರಗಳನ್ನೆಲ್ಲ ನುಂಗುತ್ತದೆ. ಸೈಬರ್‌ಮನ್ ದನಿಯ ಭಾರ ಇರುವುದೇ ಅಲ್ಲಿ. ಫೋನಿನ ಪುಟ್ಟ ಸ್ಪೀಕರಿನಿಂದ ಆ ಸ್ವರಗಳು ಹೊರಡುವುದೇ ಇಲ್ಲ. ‘ದನಿ ತೆಳು, ಮಾತು ತಿಳಿಯಲಿಲ್ಲ’ ಎಂಬ ದೂರಿನಲ್ಲಿ ಒಂದು ಪಾಲು ಹೀಗೆ ಕೇಳಿದ್ದರ ಫಲ. ಕಿವಿ ಮುಚ್ಚುವ ಹೆಡ್‌ಫೋನ್ ಬೇಕು, ಸದ್ದು ಮಧ್ಯಮವಾಗಿರಬೇಕು.

ಹೊಸಬರು ಮೊದಲು ‘ದಿ ಟೆಂತ್ ಪ್ಲಾನೆಟ್’ನ ಒಂದು ಕಂತನ್ನಾದರೂ ನೋಡಿ ಆ ದನಿಯನ್ನು ಕಿವಿಗೆ ಹಾಕಿಕೊಳ್ಳಲಿ. ಆಮೇಲೆ ‘ಅರ್ತ್‌ಶಾಕ್’. ಅದಾದ ಮೇಲೆ ‘ಸ್ಪೇರ್ ಪಾರ್ಟ್ಸ್’ ಕೇಳಬಹುದು. ಮೊದಲೆರಡು ಕಂತು ಒಂದು ಸಂಜೆ, ಉಳಿದೆರಡು ಮರುದಿನ. ನಾಲ್ಕನ್ನೂ ವಾರಕ್ಕೊಂದರಂತೆ ಹಂಚಿದರೆ ಇವಾನ್‌ಳ ಬರಿದನಿ ಮರೆತುಹೋಗಿ, ಅವಳು ಬಾಗಿಲಿಗೆ ಬಂದಾಗ ಗುರುತು ಸಿಗದೆ ಹೋದೀತು.